ಆಡಾಸಿಟಿ ವಿಮರ್ಶೆ: ಫೋನಿನ ಎಂ4ಎ ಫೈಲನ್ನು ಏಕೆ ತೆರೆಯುವುದಿಲ್ಲ, ಆದರೂ ನಾವು ಇದನ್ನೇ ಏಕೆ ಉಳಿಸಿಕೊಂಡಿದ್ದೇವೆ

ಕೊಡಗಿನ ಊರುಗಳಲ್ಲಿ ಹಿರಿಯರು ಹಾಡುವ ದುಡಿಕೊಟ್ಟ್ ಪಾಟ್‌ಗಳನ್ನೂ ಅರೆಭಾಷೆಯ ಶೋಭಾನೆ ಹಾಡುಗಳನ್ನೂ ಧ್ವನಿಮುದ್ರಿಸಿ ಉಳಿಸುವ ಕೆಲಸದಲ್ಲಿ ತೊಡಗಿರುವ ನಮ್ಮ ಸಣ್ಣ ಬಳಗವು ಹಲವು ವರ್ಷಗಳಿಂದ ಬಳಸುತ್ತಿರುವ ತಂತ್ರಾಂಶ ಆಡಾಸಿಟಿ. ಇದು ಉಚಿತವಾಗಿ ದೊರೆಯುತ್ತದೆ, ಹಳೆಯ ಲ್ಯಾಪ್‌ಟಾಪ್‌ನಲ್ಲೂ ಓಡುತ್ತದೆ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಒಂದೇ ಬಗೆಯಲ್ಲಿ ಕೆಲಸ ಮಾಡುತ್ತದೆ. ಇಷ್ಟನ್ನು ಹೇಳುವ ವಿಮರ್ಶೆಗಳು ಸಾಕಷ್ಟಿವೆ. ಆದರೆ ಇದನ್ನು ದಿನವೂ ಬಳಸುವವರಿಗೆ ಎದುರಾಗುವ ಅಡಚಣೆಗಳಲ್ಲಿ ಮುಖ್ಯವಾದವು ತಾಂತ್ರಿಕ ದೋಷಗಳಲ್ಲ. ಅವು ಪರವಾನಗಿ ಮತ್ತು ಪೇಟೆಂಟ್‌ಗಳಿಂದ ಹುಟ್ಟಿದವು. ಆ ಅಡಚಣೆಗಳ ಹಿಂದೆ ಸ್ವಯಂಸೇವಕರು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಪಾಲಿಸಿಕೊಂಡು ಬಂದಿರುವ ಒಂದು ಶಿಸ್ತಿದೆ. ಆ ಶಿಸ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಆಡಾಸಿಟಿಗೆ ಅಂಕ ಕೊಡುವುದು ಸರಿಯಲ್ಲವೆಂಬುದು ನನ್ನ ನಿಲುವಾದುದರಿಂದ, ಈ ಬರಹದ ಹೆಚ್ಚಿನ ಪಾಲು ಅದಕ್ಕೇ ಮೀಸಲು.

ಮೊದಲು ಧ್ವನಿಯ ಕೆಲಸದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದಲ್ಲಿ ಡಾಮಿನಿಕ್ ಮಝೋನಿ ಮತ್ತು ರೋಜರ್ ಡಾನೆನ್‌ಬರ್ಗ್ 1999ರಲ್ಲಿ ಆರಂಭಿಸಿ 2000ದ ಮೇ ತಿಂಗಳಲ್ಲಿ ಸಾರ್ವಜನಿಕರಿಗೆ ಬಿಡುಗಡೆ ಮಾಡಿದ ಈ ತಂತ್ರಾಂಶವು ಮುದ್ರಣ, ಕತ್ತರಿಸುವಿಕೆ, ಜೋಡಣೆ, ಗದ್ದಲ ತೆಗೆಯುವಿಕೆ ಎಲ್ಲವನ್ನೂ ಮಾಡುತ್ತದೆ. ನಮ್ಮಲ್ಲಿ ಮುದ್ರಣದ ದೊಡ್ಡ ಶತ್ರು ಮಳೆ. ಐನ್‌ಮನೆ ಎಂಬ ಕುಟುಂಬದ ಮೂಲಮನೆಯ ಜಗಲಿಯಲ್ಲಿ ಕುಳಿತು ನಾಲ್ವರು ಹಾಡುತ್ತಿರುವಾಗ ಹೆಂಚಿನ ಮೇಲೆ ಸುರಿಯುವ ಆಷಾಢದ ಮಳೆಯ ಸದ್ದು ಹಾಡಿನಷ್ಟೇ ಗಟ್ಟಿಯಾಗಿ ಮೈಕಿಗೆ ಬೀಳುತ್ತದೆ. ಹಾಡು ಆರಂಭವಾಗುವ ಮುನ್ನ ಬರೀ ಮಳೆಯ ಸದ್ದನ್ನು ಕೆಲವು ಸೆಕೆಂಡ್ ಮುದ್ರಿಸಿಕೊಂಡು, ಅದನ್ನು ಗದ್ದಲದ ಮಾದರಿಯೆಂದು ತೋರಿಸಿಕೊಟ್ಟರೆ, ಉಳಿದ ಮುದ್ರಣದಿಂದ ಅದನ್ನು ಆಡಾಸಿಟಿ ತಕ್ಕಮಟ್ಟಿಗೆ ತಗ್ಗಿಸುತ್ತದೆ. ಅತಿಯಾಗಿ ತಗ್ಗಿಸಹೊರಟರೆ ಮಾತ್ರ ಹಾಡುವವರ ದನಿ ತಗಡಿನಂತೆ ಕೇಳತೊಡಗುತ್ತದೆ. ದುಡಿ ಎಂಬ ಚರ್ಮವಾದ್ಯದ ಹೊಡೆತಕ್ಕೆ ಧ್ವನಿಯ ಮಟ್ಟ ಮೇಲ್ಮಿತಿಗೆ ಬಡಿದು ಒಡೆಯದಂತೆ ಮೊದಲೇ ಮಟ್ಟ ತಗ್ಗಿಸಿಟ್ಟುಕೊಳ್ಳಬೇಕು. ಒಡೆದದ್ದನ್ನು ಪೂರ್ತಿ ಸರಿಪಡಿಸಲು ಯಾವ ತಂತ್ರಾಂಶಕ್ಕೂ ಆಗುವುದಿಲ್ಲ. ಧ್ವನಿ ಸಂಪಾದನೆಯ ವಿಷಯದಲ್ಲಿ ನನ್ನ ತೀರ್ಮಾನ ಇಷ್ಟೇ: ಹಳ್ಳಿಯ ಮಟ್ಟದ ದಾಖಲೀಕರಣಕ್ಕೆ ಇದಕ್ಕಿಂತ ಹೆಚ್ಚಿನದು ಬೇಕಾಗುವುದಿಲ್ಲ.

ಈಗ ಅಡಚಣೆಗೆ ಬರೋಣ. ನಾವು ಎಲ್ಲ ಮನೆಗಳಿಗೂ ಮೈಕು ಹೊತ್ತುಕೊಂಡು ಹೋಗಲು ಆಗುವುದಿಲ್ಲವಾದ್ದರಿಂದ, ಮನೆಯ ಮಕ್ಕಳೋ ಮೊಮ್ಮಕ್ಕಳೋ ತಮ್ಮ ಫೋನಿನಲ್ಲೇ ಹಿರಿಯರ ಹಾಡನ್ನು ಮುದ್ರಿಸಿ ಕಳುಹಿಸುವುದುಂಟು. ಹಾಗೆ ಬರುವ ಫೈಲುಗಳಲ್ಲಿ ಬಹುಪಾಲು ಎಂ4ಎ ರೂಪದವು. ವಿಂಡೋಸ್ ಕಂಪ್ಯೂಟರಿನಲ್ಲಿ ಹೊಸದಾಗಿ ಹಾಕಿಕೊಂಡ ಆಡಾಸಿಟಿಯ ಮೇಲೆ ಅಂಥ ಫೈಲನ್ನು ಎಳೆದು ಬಿಟ್ಟರೆ ಅಲೆಯ ಚಿತ್ರ ಮೂಡುವ ಬದಲು ಒಂದು ಸಂದೇಶದ ಪೆಟ್ಟಿಗೆ ತೆರೆದುಕೊಳ್ಳುತ್ತದೆ. ಇದು ಎಎಸಿ ಎಂಬ ವಿಧಾನದಲ್ಲಿ ಕುಗ್ಗಿಸಿದ ಫೈಲು, ಎಫ್ಎಫ್ಎಂಪೆಗ್ ಎಂಬ ಪ್ರತ್ಯೇಕ ಲೈಬ್ರರಿ ಇಲ್ಲದೆ ಇದನ್ನು ತೆರೆಯಲು ಆಗದು ಎಂಬುದು ಅದರ ತಾತ್ಪರ್ಯ. ನಮ್ಮ ಬಳಗಕ್ಕೆ ಸೇರಿದ ವಿರಾಜಪೇಟೆಯ ಶಿಕ್ಷಕಿಯೊಬ್ಬರು ಈ ಸಂದೇಶ ಕಂಡೊಡನೆ ಫೋನ್ ಮಾಡಿ, "ಅಣ್ಣ, ಅಜ್ಜಿಯ ಹಾಡಿನ ಫೈಲ್ ಹಾಳಾಗಿದೆ ಅಂತ ಕಾಣುತ್ತದೆ, ಇನ್ನೊಮ್ಮೆ ಹಾಡಿಸಬೇಕಾ?" ಎಂದು ಕೇಳಿದ್ದರು. ಫೈಲು ಹಾಳಾಗಿರಲಿಲ್ಲ. ಎಫ್ಎಫ್ಎಂಪೆಗ್ ಅನ್ನು ಬೇರೆ ಕಡೆಯಿಂದ ಇಳಿಸಿಕೊಂಡು, ಆಡಾಸಿಟಿಯ ಪ್ರಿಫರೆನ್ಸಸ್‌ನಲ್ಲಿ ಲೈಬ್ರರೀಸ್ ಎಂಬ ಪುಟಕ್ಕೆ ಹೋಗಿ ಅದು ಇರುವ ಜಾಗವನ್ನು ತೋರಿಸಿಕೊಟ್ಟ ಮೇಲೆ ಅದೇ ಫೈಲು ಸಲೀಸಾಗಿ ತೆರೆದುಕೊಂಡಿತು. ಕಂಪ್ಯೂಟರಿನ ಒಳಹೊರಗು ತಿಳಿಯದವರಿಗೆ ಇದು ಸಣ್ಣ ತೊಡಕಲ್ಲ. ಬೇರೆ ಕಡೆಯಿಂದ ಇಳಿಸಿಕೊಳ್ಳುವಾಗ ನಕಲಿ ತಾಣಗಳಿಗೆ ಸಿಕ್ಕಿಬೀಳುವ ಅಪಾಯವೂ ಇದೆ.

ಎಫ್ಎಫ್ಎಂಪೆಗ್ ಕೂಡ ಮುಕ್ತ ತಂತ್ರಾಂಶವೇ ಆಗಿರುವಾಗ, ಆಡಾಸಿಟಿಯವರು ಅದನ್ನು ಜೊತೆಗೇ ಕಟ್ಟಿ ಕೊಡಬಾರದೇ ಎಂದು ಯಾರಿಗಾದರೂ ಅನಿಸುತ್ತದೆ. ಪೇಟೆಂಟ್‌ಗಳ ಕಾರಣದಿಂದ ಅದನ್ನು ತಾವು ಸೇರಿಸುವಂತಿಲ್ಲ, ತಮ್ಮ ತಾಣದಿಂದ ಹಂಚುವಂತೆಯೂ ಇಲ್ಲ ಎಂದು ಆಡಾಸಿಟಿಯ ಕೈಪಿಡಿಯಲ್ಲೇ ಹೇಳಿದೆ. ಇಲ್ಲಿ ಎರಡು ಬೇರೆ ಬೇರೆ ಹಕ್ಕುಗಳ ವ್ಯತ್ಯಾಸವನ್ನು ತಿಳಿದುಕೊಳ್ಳಬೇಕು. ಒಂದು ತಂತ್ರಾಂಶದ ಸೋರ್ಸ್ ಕೋಡ್ ಬರೆದವನಿಗೆ ಆ ಬರಹದ ಮೇಲೆ ಕೃತಿಸ್ವಾಮ್ಯವಿರುತ್ತದೆ. ಜಿಪಿಎಲ್, ಎಲ್‌ಜಿಪಿಎಲ್ ಮುಂತಾದ ಮುಕ್ತ ಪರವಾನಗಿಗಳ ಮೂಲಕ ಅವನು ಅದನ್ನು ಎಲ್ಲರಿಗೂ ಬಿಟ್ಟುಕೊಡಬಹುದು. ಆದರೆ ಧ್ವನಿಯನ್ನು ಕುಗ್ಗಿಸುವ ವಿಧಾನದ ಮೇಲೆ ಮತ್ತೊಬ್ಬರು ಪೇಟೆಂಟ್ ಪಡೆದಿದ್ದರೆ, ತನ್ನದೇ ಕೈಯಿಂದ ಪ್ರತಿ ಸಾಲನ್ನೂ ಹೊಸದಾಗಿ ಬರೆದವನೂ ಆ ವಿಧಾನವನ್ನು ಬಳಸಿದ ಮಾತ್ರಕ್ಕೆ ಪೇಟೆಂಟ್‌ದಾರರಿಗೆ ಉತ್ತರ ಹೇಳಬೇಕಾಗುತ್ತದೆ. ತನ್ನದಲ್ಲದ್ದನ್ನು ಬಿಟ್ಟುಕೊಡುವ ಅಧಿಕಾರ ಕೋಡ್ ಬರೆದವನಿಗೆ ಇಲ್ಲ.

ಎಎಸಿ ವಿಧಾನದ ಪೇಟೆಂಟ್‌ಗಳನ್ನು ಹಲವು ಕಂಪನಿಗಳ ಪರವಾಗಿ ಒಂದು ಒಕ್ಕೂಟದ ಮೂಲಕ ಪರವಾನಗಿಗೆ ಕೊಡುವ ವ್ಯವಸ್ಥೆಯಿದೆ, ಅಲ್ಲಿ ಎನ್‌ಕೋಡರ್ (ಧ್ವನಿಯನ್ನು ಕುಗ್ಗಿಸುವ ತಂತ್ರಾಂಶ) ಮತ್ತು ಡಿಕೋಡರ್ (ಕುಗ್ಗಿಸಿದ್ದನ್ನು ಮತ್ತೆ ಬಿಚ್ಚುವ ತಂತ್ರಾಂಶ) ತಯಾರಿಸುವವರು ಮಾರಿದ ಪ್ರತಿಗಳ ಲೆಕ್ಕದಲ್ಲಿ ಶುಲ್ಕ ಕಟ್ಟಬೇಕು. ಯಾರು ಎಷ್ಟು ಪ್ರತಿ ಮಾಡಿಕೊಂಡರೆಂದು ಲೆಕ್ಕವೇ ಇಡಲಾಗದ, ಲೆಕ್ಕ ಇಡಬಾರದೆಂಬುದೇ ಮೂಲತತ್ತ್ವವಾದ ಸ್ವಯಂಸೇವಕರ ಯೋಜನೆಯೊಂದು ಪ್ರತಿಗಿಷ್ಟು ಎಂದು ಶುಲ್ಕ ಕಟ್ಟುವುದು ಹೇಗೆ? ಯಾರೋ ಪುಣ್ಯಾತ್ಮರು ಒಂದಷ್ಟು ಹಣ ಕೊಟ್ಟು ಒಮ್ಮೆ ಪರವಾನಗಿ ಕೊಡಿಸಿದರೂ ತೊಡಕು ಬಗೆಹರಿಯುವುದಿಲ್ಲ. ಆಡಾಸಿಟಿ ಬಹುಕಾಲ ಹಂಚಿಕೆಯಾಗಿದ್ದ 1991ರ ಜಿಪಿಎಲ್ ಎರಡನೆಯ ಆವೃತ್ತಿಯ ಏಳನೆಯ ನಿಯಮವು, ಪೇಟೆಂಟ್ ಕಾರಣದಿಂದ ನಿಮ್ಮಿಂದ ಪಡೆದವರೆಲ್ಲರೂ ಶುಲ್ಕವಿಲ್ಲದೆ ಮುಂದಕ್ಕೆ ಹಂಚಲು ಆಗದಿದ್ದರೆ ನೀವೂ ಹಂಚುವಂತಿಲ್ಲವೆಂದು ಕಟ್ಟುನಿಟ್ಟಾಗಿ ಹೇಳುತ್ತದೆ. ಒಬ್ಬರಿಗೆ ಮಾತ್ರ ಅನುಕೂಲ ಮಾಡಿಕೊಂಡು ಉಳಿದವರನ್ನು ಕೈಬಿಡುವ ದಾರಿಯನ್ನು ಅದು ಮುಚ್ಚಿಬಿಟ್ಟಿದೆ. ನನಗೆ ಈ ನಿಯಮದ ಮೇಲೆ ತುಂಬ ಗೌರವವಿದೆ. ಮಡಿಕೇರಿಯಲ್ಲಿ ಕುಳಿತ ನನಗೆ ಸಿಗುವ ಹಕ್ಕು ಅಮೆರಿಕದ ವಿಶ್ವವಿದ್ಯಾಲಯದಲ್ಲಿ ಕುಳಿತವರಿಗೆ ಸಿಗುವ ಹಕ್ಕಿಗಿಂತ ಒಂದಿಂಚೂ ಕಡಿಮೆಯಾಗದಂತೆ ಕಾಯುತ್ತಿರುವುದು ಅದೇ.

ಎಂಪಿ3ಯ ಕಥೆಯನ್ನು ಬಲ್ಲವರಿಗೆ ಈ ಎಚ್ಚರಿಕೆ ಅತಿಯೆನಿಸುವುದಿಲ್ಲ. ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯು 1998ರ ಸೆಪ್ಟೆಂಬರಿನಲ್ಲಿ ಎಂಪಿ3 ತಂತ್ರಾಂಶಗಳನ್ನು ಬರೆಯುತ್ತಿದ್ದವರಿಗೆ ಪತ್ರ ಕಳುಹಿಸಿ, ಪರವಾನಗಿ ಪಡೆಯದೆ ಹಂಚುವಂತಿಲ್ಲವೆಂದು ತಿಳಿಸಿತು. ಆ ಪೇಟೆಂಟ್‌ಗಳ ಪರವಾನಗಿಯನ್ನು ನೋಡಿಕೊಳ್ಳುತ್ತಿದ್ದ ಫ್ರಾನ್ಸಿನ ಥಾಮ್ಸನ್ ಕಂಪನಿಯ ದರಪಟ್ಟಿಯಲ್ಲಿ ಡಿಕೋಡರಿನ ಪ್ರತಿಯೊಂದಕ್ಕೆ 0.75 ಡಾಲರ್ ಶುಲ್ಕವಿತ್ತು; ಎನ್‌ಕೋಡರಿಗೆ ಅದಕ್ಕಿಂತ ಹೆಚ್ಚು. ಅಂದಿನಿಂದ ಸ್ವಯಂಸೇವಕರು ಎರಡು ದಾರಿ ಹಿಡಿದರು. ಲೇಮ್ ಎಂಬ ಎನ್‌ಕೋಡರನ್ನು ಬರೆದವರು ಸಿದ್ಧ ತಂತ್ರಾಂಶವನ್ನು ಹಂಚದೆ ಸೋರ್ಸ್ ಕೋಡ್ ಅನ್ನು ಮಾತ್ರ ಪ್ರಕಟಿಸುತ್ತ ಬಂದರು. ಕ್ಸಿಫ್ ಬಳಗದವರು ಪೇಟೆಂಟ್‌ಗಳ ಗೊಡವೆಯೇ ಬೇಡವೆಂದು ವೋರ್ಬಿಸ್ ಎಂಬ ಬೇರೆಯದೇ ವಿಧಾನವನ್ನು ರೂಪಿಸಿ 2002ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು. ಆಡಾಸಿಟಿಯ ಹಳೆಯ ಬಳಕೆದಾರರಿಗೆ ಲೇಮ್ ಅನ್ನು ಪ್ರತ್ಯೇಕವಾಗಿ ಇಳಿಸಿಕೊಂಡು ಅದರ ಜಾಗ ತೋರಿಸಿಕೊಡಬೇಕಾಗಿದ್ದ ಕಾಲ ಚೆನ್ನಾಗಿ ನೆನಪಿರುತ್ತದೆ. 2017ರ ಏಪ್ರಿಲ್ 23ರಂದು ಎಂಪಿ3 ಪರವಾನಗಿಯ ಕಾರ್ಯಕ್ರಮ ಕೊನೆಗೊಂಡಿತು. 2019ರ ಮೇ ತಿಂಗಳಲ್ಲಿ ಬಂದ ಆಡಾಸಿಟಿ 2.3.2ರಲ್ಲಿ ಲೇಮ್ ಒಳಗೇ ಸೇರಿಕೊಂಡಿತು. ಇಂದು ಎಂಪಿ3 ಆಗಿ ಉಳಿಸಲು ಯಾರೂ ಏನನ್ನೂ ಇಳಿಸಿಕೊಳ್ಳಬೇಕಾಗಿಲ್ಲ. ಅವಧಿ ಮುಗಿಯುವವರೆಗೆ ಕಾದು, ಮುಗಿದ ಮೇಲೆ ಬಾಗಿಲು ತೆರೆದ ಈ ನಡೆಯಲ್ಲಿ ಒಂದು ಪ್ರಾಮಾಣಿಕತೆಯನ್ನು ನಾನು ಕಾಣುತ್ತೇನೆ.

ಭಾರತದಲ್ಲಿ ತಂತ್ರಾಂಶಕ್ಕೆ ಪೇಟೆಂಟ್ ಇಲ್ಲವಲ್ಲ, ನಮಗೇಕೆ ಈ ರಗಳೆ ಎಂದು ಬಳಗದ ಸಭೆಯಲ್ಲಿ ಕೇಳಿದವರುಂಟು. ನಮ್ಮ 1970ರ ಪೇಟೆಂಟ್ ಕಾಯ್ದೆಯ 3(ಕೆ) ವಿಧಿಯ ಪ್ರಕಾರ ಗಣಿತದ ವಿಧಾನ, ವ್ಯವಹಾರದ ವಿಧಾನ, ಕಂಪ್ಯೂಟರ್ ಪ್ರೋಗ್ರಾಂ ತಾನೇ ತಾನಾಗಿ, ಹಾಗೂ ಅಲ್ಗಾರಿದಂಗಳು ಪೇಟೆಂಟ್‌ಗೆ ಅರ್ಹವಲ್ಲ. 2003ರ ಮೇ 20ರಿಂದ ಈ ಮಾತು ಜಾರಿಯಲ್ಲಿದೆ. 2004ರ ಕೊನೆಯಲ್ಲಿ ಸುಗ್ರೀವಾಜ್ಞೆಯ ಮೂಲಕ ಈ ತಡೆಯನ್ನು ಸಡಿಲಿಸಲು ನಡೆದ ಯತ್ನವನ್ನು ಸಂಸತ್ತು 2005ರಲ್ಲಿ ಕೈಬಿಟ್ಟಿತು. ಆದರೆ ತಾನೇ ತಾನಾಗಿ ಎಂಬ ಆ ಒಂದು ಪದಗುಚ್ಛದ ವ್ಯಾಪ್ತಿ ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಪೇಟೆಂಟ್ ಕಚೇರಿಯ 2016ರ ಮಾರ್ಗಸೂಚಿ ಹೊಸತನವುಳ್ಳ ಯಂತ್ರಾಂಶವೂ ಜೊತೆಗಿರಬೇಕೆಂದು ಹೇಳಿದ್ದರೆ, 2017ರ ಪರಿಷ್ಕರಣೆಯಲ್ಲಿ ಆ ಷರತ್ತು ಇಲ್ಲವಾಯಿತು. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಪೇಟೆಂಟ್ ದೇಶದಿಂದ ದೇಶಕ್ಕೆ ಬೇರೆಯಾಗಿರುವ ಹಕ್ಕು. ಆಡಾಸಿಟಿಯಾದರೋ ಒಂದೇ ಕಟ್ಟಿನಲ್ಲಿ ಲೋಕಕ್ಕೆಲ್ಲ ಹಂಚಿಕೆಯಾಗುವ ವಸ್ತು. ಕುಶಾಲನಗರಕ್ಕೊಂದು, ಕ್ಯಾಲಿಫೋರ್ನಿಯಕ್ಕೊಂದು ಎಂದು ಬೇರೆ ಬೇರೆ ಕಟ್ಟು ಮಾಡಿ ಕೊಡುವಷ್ಟು ಜನಬಲ ಸ್ವಯಂಸೇವಕರಲ್ಲಿಲ್ಲ. ಆದ್ದರಿಂದ ಎಲ್ಲಿ ಕಾನೂನು ಅತಿ ಬಿಗಿಯಾಗಿದೆಯೋ ಆ ದೇಶದ ಅಳತೆಗೇ ಎಲ್ಲರ ಕಟ್ಟೂ ಸಿದ್ಧವಾಗುತ್ತದೆ. ನಮ್ಮ ಕಾನೂನು ನಮಗೆ ಕೊಟ್ಟಿರುವ ಸ್ವಾತಂತ್ರ್ಯದ ಲಾಭ ನಮ್ಮ ಕೈಗೆ ಪೂರ್ತಿಯಾಗಿ ಬಾರದಿರುವುದು ನನಗೆ ನೋವಿನ ವಿಷಯ. ಆದರೆ ಅದಕ್ಕೆ ಆಡಾಸಿಟಿಯನ್ನು ದೂರುವಂತಿಲ್ಲ.

ಸ್ವಯಂಸೇವಕರ ಮೇಲೆ ಪೇಟೆಂಟ್ ಮೊಕದ್ದಮೆ ನಡೆಯುವುದು ಬರೀ ಕಲ್ಪನೆಯೂ ಅಲ್ಲ. ಫೋಟೋಗಳನ್ನು ಜೋಡಿಸಿಡುವ ಶಾಟ್‌ವೆಲ್ ಎಂಬ ಮುಕ್ತ ತಂತ್ರಾಂಶದ ವಿಷಯದಲ್ಲಿ 2019ರಲ್ಲಿ ಅದು ಸೇರಿರುವ ಗ್ನೋಮ್ ಯೋಜನೆಯ ಪ್ರತಿಷ್ಠಾನದ ಮೇಲೆ ಅಮೆರಿಕದಲ್ಲಿ ಮೊಕದ್ದಮೆ ಹೂಡಲಾಯಿತು. ಪ್ರತಿಷ್ಠಾನವು ಹಣ ಕೊಟ್ಟು ಕೈತೊಳೆದುಕೊಳ್ಳಲು ಒಪ್ಪದೆ, ಸಾರ್ವಜನಿಕರಿಂದ ದೇಣಿಗೆ ಸಂಗ್ರಹಿಸಿ ಎದುರು ನಿಂತಿತು. 2020ರ ಮೇ ತಿಂಗಳಲ್ಲಿ ಆದ ಒಪ್ಪಂದದಲ್ಲಿ, ಮಾನ್ಯತೆ ಪಡೆದ ಮುಕ್ತ ಪರವಾನಗಿಗಳಡಿ ಬಿಡುಗಡೆಯಾದ ಯಾವ ತಂತ್ರಾಂಶದ ಮೇಲೂ ಆ ಪೇಟೆಂಟ್‌ಗಳನ್ನು ಹೂಡುವುದಿಲ್ಲವೆಂದು ಎದುರು ಪಕ್ಷ ಒಪ್ಪಿಕೊಂಡಿತು. ಗ್ನೋಮ್‌ಗೆ ಒಂದು ಪ್ರತಿಷ್ಠಾನದ ಆಸರೆಯಿತ್ತು. ಅಂಥ ಆಸರೆಯಿಲ್ಲದೆ ಸಂಜೆಯ ಬಿಡುವಿನಲ್ಲಿ ಕೋಡ್ ಬರೆಯುವ ಒಬ್ಬ ವ್ಯಕ್ತಿಗೆ ವಕೀಲರ ಮೊದಲ ಪತ್ರವೇ ಕೆಲಸ ನಿಲ್ಲಿಸಲು ಸಾಕಾಗುತ್ತದೆ.

ಪೇಟೆಂಟ್‌ಗೆ ಸಂಬಂಧವೇ ಇಲ್ಲದೆ, ಬರೀ ಪರವಾನಗಿಗಳ ಹೊಂದಾಣಿಕೆಯಿಂದಲೂ ಆಡಾಸಿಟಿಗೆ ಕೊರತೆಗಳಾಗಿವೆ. ನಾಲ್ಕು ಮೈಕುಗಳನ್ನು ಜೋಡಿಸುವ ಆಡಿಯೋ ಇಂಟರ್‌ಫೇಸ್ ಕೊಂಡವರು ವಿಂಡೋಸ್‌ನಲ್ಲಿ ಸಾಮಾನ್ಯವಾಗಿ ಆಸಿಯೋ ಎಂಬ ಚಾಲಕ ವ್ಯವಸ್ಥೆಯ ಮೂಲಕ ಮುದ್ರಿಸುತ್ತಾರೆ. ಹಾಡುಗಾರರು ಇಬ್ಬರಿಗಿಂತ ಹೆಚ್ಚಿದ್ದಾಗ, ಪ್ರತಿ ದನಿಯೂ ಪ್ರತ್ಯೇಕ ಟ್ರ್ಯಾಕಿಗೆ ಬರಬೇಕೆಂದಿದ್ದಾಗ ಅದು ಬಹಳ ಉಪಯುಕ್ತ. ಆಡಾಸಿಟಿಯ ಅಧಿಕೃತ ಕಟ್ಟುಗಳಲ್ಲಿ ಆಸಿಯೋ ಬೆಂಬಲ ಸಿಗದೆ ಬಂದಿದ್ದಕ್ಕೆ ಕಾರಣ, ಸ್ಟೈನ್‌ಬರ್ಗ್ ಕಂಪನಿಯ ಆಸಿಯೋ ಪರವಾನಗಿ ತನ್ನ ಕೋಡ್ ಅನ್ನು ಮುಂದಕ್ಕೆ ಹಂಚಲು ಬಿಡುತ್ತಿರಲಿಲ್ಲ, ಜಿಪಿಎಲ್ ಆದರೋ ಪೂರ್ತಿ ಕೋಡ್ ಹಂಚಲೇಬೇಕೆನ್ನುತ್ತದೆ ಎಂಬುದು. ಸೋರ್ಸ್ ಕೋಡ್ ತಂದು ತಾನೇ ಕಟ್ಟಿಕೊಂಡು ತನ್ನ ಕಂಪ್ಯೂಟರಿನಲ್ಲಿ ಮಾತ್ರ ಬಳಸಲು ಅಡ್ಡಿಯಿರಲಿಲ್ಲ, ಅದನ್ನು ಪಕ್ಕದ ಮನೆಯವರಿಗೆ ಕೊಡುವಂತಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಸ್ಟೈನ್‌ಬರ್ಗ್ ಆಸಿಯೋವನ್ನು ಜಿಪಿಎಲ್ ಮೂರನೆಯ ಆವೃತ್ತಿಯಡಿಯಲ್ಲೂ ಕೊಡಲು ಮುಂದಾಯಿತು. ಒಂದು ಸಾಲಿನ ಕೋಡ್ ಬದಲಾಗದೆ, ಪರವಾನಗಿಯ ಹಾಳೆ ಬದಲಾದದ್ದರಿಂದ ಮಾತ್ರವೇ ಬಹುಕಾಲದ ಒಂದು ತಡೆ ಸರಿಯಿತು.

ಈ ಪ್ರಸಂಗದಲ್ಲಿ ಜಿಪಿಎಲ್‌ನ ಮೂರನೆಯ ಆವೃತ್ತಿ ಏಕೆ ಮುಖ್ಯ ಎಂಬುದನ್ನು ಹೇಳಬೇಕು. 2007ರ ಜೂನ್ 29ರಂದು ಪ್ರಕಟವಾದ ಈ ಆವೃತ್ತಿಯಲ್ಲಿ, ಕೋಡ್ ಕೊಡುಗೆ ನೀಡುವ ವ್ಯಕ್ತಿ ಅಥವಾ ಕಂಪನಿ ಆ ಕೊಡುಗೆಗೆ ಸಂಬಂಧಿಸಿದ ತನ್ನ ಪೇಟೆಂಟ್‌ಗಳ ಬಳಕೆಗೂ ಅನುಮತಿ ಕೊಟ್ಟಂತಾಗುತ್ತದೆಯೆಂದು ಸ್ಪಷ್ಟವಾಗಿ ಬರೆದಿದೆ. ಕೈಯಾರೆ ಕೋಡ್ ಕೊಟ್ಟು, ಎಲ್ಲರೂ ಅದನ್ನು ನಂಬಿ ಬಳಸತೊಡಗಿದ ಮೇಲೆ ಪೇಟೆಂಟ್ ಹಿಡಿದುಕೊಂಡು ವಸೂಲಿಗೆ ಬರುವ ದಾರಿಯನ್ನು ಇದು ತಡೆಯುತ್ತದೆ. 2004ರ ಅಪಾಚೆ ಪರವಾನಗಿಯಲ್ಲೂ ಇಂಥದೇ ನಿಯಮವಿದೆ. ಆದರೆ ಜಿಪಿಎಲ್‌ನ ಎರಡನೆಯ ಆವೃತ್ತಿಯ ಕೋಡ್ ಜೊತೆ ಅದನ್ನು ಬೆರೆಸುವಂತಿಲ್ಲ, ಮೂರನೆಯದರ ಜೊತೆ ಬೆರೆಸಬಹುದು. ಆಡಾಸಿಟಿಯ ಹೆಚ್ಚಿನ ಫೈಲುಗಳು ಎರಡನೆಯ ಆವೃತ್ತಿ ಅಥವಾ ಅದರ ನಂತರದ ಯಾವುದಾದರೂ ಎಂಬ ಷರತ್ತಿನಲ್ಲಿ ಬರೆದವಾದ್ದರಿಂದ, ಹಿಂದಿನ ನೂರಾರು ಕೊಡುಗೆದಾರರನ್ನು ಹುಡುಕಿಕೊಂಡು ಹೋಗದೆಯೇ ಇಡೀ ತಂತ್ರಾಂಶವನ್ನು ಮೂರನೆಯ ಆವೃತ್ತಿಯಡಿ ಹಂಚಲು ಸಾಧ್ಯವಾಯಿತು. 2022ರ 3.2 ಆವೃತ್ತಿಯಲ್ಲಿ ವಿಎಸ್‌ಟಿ3 ಎಂಬ ರೂಪದ ಪ್ಲಗಿನ್‌ಗಳ, ಅಂದರೆ ಧ್ವನಿಯ ಪರಿಣಾಮಗಳಿಗಾಗಿ ಸೇರಿಸಿಕೊಳ್ಳುವ ಕಿರು ತಂತ್ರಾಂಶಗಳ, ಬೆಂಬಲ ಬಂದದ್ದು ಹೀಗೆ. ಅಥವಾ ನಂತರದ್ದು ಎಂಬ ಆ ಮಾತನ್ನು ಎರಡು ದಶಕದ ಹಿಂದೆ ಸೇರಿಸಿದವರ ದೂರದೃಷ್ಟಿಯನ್ನು ಮೆಚ್ಚಲೇಬೇಕು.

ಇಷ್ಟೆಲ್ಲ ಮೆಚ್ಚಿದ ಮೇಲೂ ನನ್ನ ಅಂಕಪಟ್ಟಿಯಲ್ಲಿ ಒಂದು ಕಡಿತವಿದೆ. 2021ರಲ್ಲಿ ಆಡಾಸಿಟಿ ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಆಡಳಿತಕ್ಕೆ ಬಂದಿತು. ಅದೇ ಮೇ ತಿಂಗಳಲ್ಲಿ ಬಳಕೆಯ ಮಾಹಿತಿ ಸಂಗ್ರಹಿಸುವ ಪ್ರಸ್ತಾಪವನ್ನು ಅವರು ಮುಂದಿಟ್ಟರು. ಪ್ರತಿಭಟನೆ ಬಂದ ಮೇಲೆ ಅದನ್ನು ಕೈಬಿಟ್ಟರು. ಜುಲೈನಲ್ಲಿ ಪ್ರಕಟಿಸಿದ ಖಾಸಗಿತನದ ನೀತಿಯಲ್ಲಿ 13 ವರ್ಷದೊಳಗಿನವರು ಈ ಆ್ಯಪ್ ಬಳಸಬಾರದೆಂಬ ಮಾತಿತ್ತು. ಯಾರು ಬೇಕಾದರೂ ಯಾವ ಉದ್ದೇಶಕ್ಕಾದರೂ ಓಡಿಸಬಹುದೆನ್ನುವ ಜಿಪಿಎಲ್‌ಗೆ ಇದು ವಿರುದ್ಧವೆಂಬ ಆಕ್ಷೇಪ ಕೂಡಲೇ ಎದ್ದಿತು, ಅದೇ ತಿಂಗಳು ಆ ಮಾತನ್ನು ತೆಗೆದರು. ನಮಗೆ ಇದು ದೂರದ ವಾದವಾಗಿರಲಿಲ್ಲ. ಪ್ರಾಥಮಿಕ ಶಾಲೆಯ ಮಕ್ಕಳೇ ತಮ್ಮ ಅಜ್ಜಿಯರ ಹಾಡನ್ನು ಮುದ್ರಿಸಿ, ಕತ್ತರಿಸಿ, ಹೆಸರಿಟ್ಟು ಜೋಡಿಸುವ ಕೆಲಸವನ್ನು ನಾವು ಶಾಲೆಗಳಲ್ಲಿ ನಡೆಸುತ್ತೇವೆ. ಆ ಒಂದು ವಾಕ್ಯ ಉಳಿದಿದ್ದರೆ ಯಾವ ಮುಖ್ಯೋಪಾಧ್ಯಾಯರೂ ಕಂಪ್ಯೂಟರ್ ಕೋಣೆಯ ಬೀಗ ತೆಗೆದುಕೊಡುತ್ತಿರಲಿಲ್ಲ. ಅಸಮಾಧಾನಗೊಂಡ ಕೆಲವರು ಅದೇ ಕೋಡ್ ಆಧರಿಸಿ ಟೆನಾಸಿಟಿ ಎಂಬ ಹೆಸರಿನಲ್ಲಿ ಬೇರೆ ಕವಲು ಕಟ್ಟಿದರು. ಹೆಸರು ಬೇರೆಯಾಗಬೇಕಾದದ್ದೂ ಒಂದು ಹಕ್ಕಿನ ವಿಷಯ: ಕೋಡ್ ಎಲ್ಲರದ್ದು, ಆಡಾಸಿಟಿ ಎಂಬ ಟ್ರೇಡ್‌ಮಾರ್ಕ್ ಎಲ್ಲರದ್ದಲ್ಲ.

ಪ್ರಾಜೆಕ್ಟ್ ಫೈಲಿನ ಬಗ್ಗೆ ಒಂದು ಮಾತು. 2021ರ 3.0 ಆವೃತ್ತಿಯಿಂದ ಇಡೀ ಪ್ರಾಜೆಕ್ಟ್ ಒಂದೇ ಫೈಲಿನಲ್ಲಿ ಕೂರುತ್ತದೆ. ಮೊದಲಿದ್ದ ಹಾಗೆ ಸಾವಿರಾರು ತುಣುಕುಗಳ ಫೋಲ್ಡರನ್ನು ಪೆನ್‌ಡ್ರೈವ್‌ಗೆ ನಕಲಿಸುವಾಗ ಅರ್ಧ ಬಿಟ್ಟುಹೋಗುವ ಭಯವಿಲ್ಲ. ಈ ಹೊಸ ರೂಪ ನಿಂತಿರುವುದು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ತಂತ್ರಾಂಶದ ಮೇಲೆ. ಅದನ್ನು ಬರೆದವರು ಯಾವ ಪರವಾನಗಿಯನ್ನೂ ಹಾಕದೆ ಸಾರ್ವಜನಿಕ ಸ್ವತ್ತಾಗಿ ಬಿಟ್ಟುಕೊಟ್ಟಿದ್ದಾರೆ, ಹಾಗೆ ಬಿಟ್ಟುಕೊಟ್ಟಿದ್ದೇವೆಂದು ಪ್ರತಿಯೊಬ್ಬ ಕೊಡುಗೆದಾರನೂ ಸಹಿ ಮಾಡಿದ ಪ್ರಮಾಣಪತ್ರಗಳನ್ನು ಬೆಂಕಿ ತಾಗದ ತಿಜೋರಿಯಲ್ಲಿ ಕಾಪಾಡಿಕೊಂಡಿದ್ದಾರೆ. ಮುಂದಿನ ತಲೆಮಾರು ಓದಬೇಕಾದ ಫೈಲಿಗೆ ಇಂಥ ತಳಪಾಯವಿರುವುದು ನನಗೆ ಸಮಾಧಾನ ತರುವ ಸಂಗತಿ. ಆದರೂ ದಾಖಲೆಯ ಮೂಲಪ್ರತಿಯನ್ನು ಪ್ರಾಜೆಕ್ಟ್ ರೂಪದಲ್ಲಿ ಮಾತ್ರ ಇಡಬೇಡಿ. ನಾವು ಮೂಲವನ್ನು ಫ್ಲ್ಯಾಕ್ ರೂಪದಲ್ಲಿ ಇಡುತ್ತೇವೆ, ಅದರಲ್ಲಿ ಧ್ವನಿಯ ಒಂದಂಶವೂ ಕಳೆದುಹೋಗುವುದಿಲ್ಲ, ಅದರ ವಿವರಣೆ 2024ರಲ್ಲಿ ಇಂಟರ್ನೆಟ್ ಮಾನಕವಾಗಿಯೂ ಪ್ರಕಟವಾಗಿದೆ. ಕೇಳುಗರಿಗೆ ಹಂಚಲು ಓಪಸ್ ಅಥವಾ ಎಂಪಿ3 ಸಾಕು. 2012ರಲ್ಲಿ ಮಾನಕವಾದ ಓಪಸ್ ವಿಧಾನದಲ್ಲಿ ಪಾಲ್ಗೊಂಡ ಕ್ಸಿಫ್, ಮೈಕ್ರೋಸಾಫ್ಟ್, ಬ್ರಾಡ್‌ಕಾಮ್ ಸಂಸ್ಥೆಗಳು ತಮ್ಮ ಪೇಟೆಂಟ್‌ಗಳನ್ನು ಶುಲ್ಕವಿಲ್ಲದೆ ಬಳಸಲು ಬಿಟ್ಟಿವೆ. ಇಲ್ಲಿಯೇ ಇನ್ನೊಂದನ್ನೂ ನೆನಪಿಸುತ್ತೇನೆ: ಹಾಡು ಜನಪದದ್ದೇ ಆದರೂ, ಅದನ್ನು ಹಾಡಿದವರಿಗೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ 50 ವರ್ಷಗಳ ಪ್ರದರ್ಶಕರ ಹಕ್ಕನ್ನು ಕೊಟ್ಟಿದೆ. ತಂತ್ರಾಂಶದವರ ಹಕ್ಕಿನ ಬಗ್ಗೆ ಇಷ್ಟು ಮಾತನಾಡುವ ನಾವು ಹಾಡಿದ ಅಜ್ಜನಿಂದ ಒಪ್ಪಿಗೆಯ ಸಹಿ ಪಡೆಯದೆ ಫೈಲನ್ನು ಹಂಚಬಾರದು.

ಕಡಿತಕ್ಕೆ ಮುಖ್ಯ ಕಾರಣ ಇನ್ನೂ ಉಳಿದಿದೆ. ಮ್ಯೂಸ್ ಗ್ರೂಪ್ 2021ರಿಂದ ಕೊಡುಗೆದಾರರೆಲ್ಲರೂ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕೆಂದು ಕೇಳುತ್ತದೆ. ಬರೆದ ಕೋಡಿನ ಕೃತಿಸ್ವಾಮ್ಯ ಬರೆದವರಲ್ಲೇ ಉಳಿಯುತ್ತದೆ, ಆದರೆ ಅದನ್ನು ಬೇರೆ ಯಾವ ಪರವಾನಗಿಯಡಿಯಲ್ಲಿ ಬೇಕಾದರೂ ಬಳಸುವ ಅಧಿಕಾರ ಕಂಪನಿಗೆ ದೊರೆಯುತ್ತದೆ. ಕಂಪನಿಯ ವಾದಕ್ಕೂ ಹುರುಳಿದೆ: ಜಿಪಿಎಲ್ ಷರತ್ತುಗಳು ಆಪಲ್‌ನ ಆ್ಯಪ್ ಸ್ಟೋರ್‌ನ ನಿಯಮಗಳಿಗೆ ಹೊಂದುವುದಿಲ್ಲ, ಇದೇ ಕಾರಣಕ್ಕೆ ವಿಎಲ್‌ಸಿ ಪ್ಲೇಯರ್ 2011ರ ಜನವರಿಯಲ್ಲಿ ಅಲ್ಲಿಂದ ಹೊರಬಿದ್ದು, ಕೊಡುಗೆದಾರರ ಒಪ್ಪಿಗೆ ಪಡೆದು ಪರವಾನಗಿ ಬದಲಿಸಿಕೊಂಡ ಮೇಲೆ 2013ರಲ್ಲಿ ಮರಳಿತು. ಎಲ್ಲರ ಒಪ್ಪಿಗೆ ಮೊದಲೇ ಇದ್ದರೆ ಆ ಅಲೆದಾಟ ತಪ್ಪುತ್ತದೆ. ಆದರೆ ಒಬ್ಬ ಸ್ವಯಂಸೇವಕ ಎಲ್ಲರಿಗಾಗಿ ಬರೆದದ್ದನ್ನು ನಾಳೆ ಮುಚ್ಚಿದ ಉತ್ಪನ್ನದಲ್ಲೂ ಇಟ್ಟು ಮಾರುವ ಅವಕಾಶ ಒಂದೇ ಪಕ್ಷಕ್ಕೆ ಸಿಗುವುದು ಸಮಾನ ವ್ಯವಹಾರವಲ್ಲ. ಲಿನಕ್ಸ್‌ನಲ್ಲಿ ತನ್ನ ಕೋಡ್ ಸೇರಿದೆಯೆಂದು ಎಸ್‌ಸಿಓ ಎಂಬ ಕಂಪನಿ 2003ರಲ್ಲಿ ಹೂಡಿದ ಮೊಕದ್ದಮೆಯ ಬಿಸಿ ತಾಗಿದ ಮೇಲೆ, ಲಿನಕ್ಸ್ ಕರ್ನಲ್ ಬಳಗವು 2004ರಲ್ಲಿ ಬೇರೊಂದು ಕ್ರಮವನ್ನು ತಂದಿತು. ಈ ಕೋಡ್ ನಾನೇ ಬರೆದದ್ದು ಅಥವಾ ಕೊಡಲು ನನಗೆ ಹಕ್ಕಿದೆ ಎಂದು ದೃಢೀಕರಿಸಿ ಪ್ರತಿ ಕೊಡುಗೆಯ ಕೆಳಗೆ ಹೆಸರು ಹಾಕಿದರೆ ಸಾಕು. ಯಾರಿಗೂ ಹೆಚ್ಚಿನ ಅಧಿಕಾರ ಹೋಗುವುದಿಲ್ಲ. ಆಡಾಸಿಟಿಯೂ ಈ ದಾರಿಗೆ ಬರಬೇಕೆಂಬುದು ನನ್ನ ಒತ್ತಾಯ.

ಈ ಒಪ್ಪಂದದ ಭಾರ ನಮ್ಮ ಊರಿಗೂ ತಾಗಿತು. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಗೋಣಿಕೊಪ್ಪದ ಮನೆಯಿಂದಲೇ ಮಾಡುವ ನಮ್ಮ ಬಳಗದ ಯುವಕನೊಬ್ಬ, ಗದ್ದಲ ತೆಗೆಯುವ ಭಾಗಕ್ಕೆ ಸಣ್ಣದೊಂದು ಸುಧಾರಣೆ ಬರೆದು ಕಳುಹಿಸಲು ಹೊರಟಿದ್ದ. ಕೃತಿಸ್ವಾಮ್ಯ ಕಾಯ್ದೆಯ 17ನೆಯ ವಿಧಿಯಂತೆ, ಬೇರೆ ಒಪ್ಪಂದವಿಲ್ಲದಿದ್ದರೆ, ಉದ್ಯೋಗದ ಭಾಗವಾಗಿ ಬರೆದ ಕೃತಿಯ ಮೊದಲ ಒಡೆತನ ಉದ್ಯೋಗ ಕೊಟ್ಟವರದ್ದು, ಕಾಯ್ದೆಯ ಪ್ರಕಾರ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ರಾತ್ರಿ ತನ್ನ ಲ್ಯಾಪ್‌ಟಾಪ್‌ನಲ್ಲಿ ಬರೆದದ್ದು ಉದ್ಯೋಗದ ಭಾಗವಲ್ಲವೆಂದು ಅವನು ಹೇಳಬಹುದಾಗಿತ್ತು, ಆದರೆ ಅವನ ನೇಮಕಾತಿ ಪತ್ರದಲ್ಲಿ ಕೆಲಸದ ಅವಧಿಯಲ್ಲಿ ಬರೆದ ಎಲ್ಲ ತಂತ್ರಾಂಶವೂ ಕಂಪನಿಯದೆಂಬ ವಿಶಾಲವಾದ ಷರತ್ತು ಇತ್ತು. ಹಕ್ಕು ತನ್ನದೆಂದು ಆಡಾಸಿಟಿಯ ಒಪ್ಪಂದದಲ್ಲಿ ಬರೆದುಕೊಟ್ಟು, ಮುಂದೆ ಕಂಪನಿ ಅದನ್ನು ಪ್ರಶ್ನಿಸಿದರೆ ಸಿಕ್ಕಿಬೀಳುವವನು ಅವನು; ಆ ಕೋಡ್ ತೆಗೆದುಹಾಕಬೇಕಾದ ಪಾಡು ಯೋಜನೆಯದು. ಬರವಣಿಗೆಯಲ್ಲಿ ಅನುಮತಿ ಕೇಳು, ಅದು ಬರುವವರೆಗೆ ಕಳುಹಿಸಬೇಡ ಎಂದು ನಾವು ಹೇಳಿದೆವು, ಅವನೂ ಹಾಗೆಯೇ ಮಾಡಿದ. ಅನುಮತಿ ಇನ್ನೂ ಬಂದಿಲ್ಲ. ಪೊನ್ನಂಪೇಟೆ ಮತ್ತು ಕುಶಾಲನಗರದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ನೇಮಕಾತಿ ಪತ್ರದ ಈ ಕಟ್ಟು ಇಲ್ಲ. ಆಡಾಸಿಟಿಯ ಕೋಡ್ ಓದಿ ತಿದ್ದಬಲ್ಲವರು ಅವರಲ್ಲಿದ್ದರೆ, ಕೆಲಸಕ್ಕೆ ಸೇರುವ ಮುನ್ನವೇ ಈ ಕೊಡುಗೆಯ ಕೆಲಸಕ್ಕೆ ಕೈಹಾಕಬೇಕೆಂದು ಕೇಳಿಕೊಳ್ಳುತ್ತೇನೆ.